ಬುಟ್ಟಿ ಹೊರಗಿದ್ದರೆ

ಕುಮಟೆಯ ಕಾಲೇಜಿನಲ್ಲಿ ಕಂಪ್ಯೂಟರಿನ ಸಿ ಭಾಷೆ ಕಲಿಸುತ್ತಿದ್ದಾಗ ನಾನು ಹೊಳೆದಂಡೆಯ ಅಘನಾಶಿನಿ ಊರಿನಲ್ಲಿ ಬಾಡಿಗೆಗಿದ್ದೆ. ಹುಟ್ಟಿದ್ದು ಹೊನ್ನಾವರ. ಅಲ್ಲಿ ನನ್ನವರು ಅಂತ ಯಾರೂ ಉಳಿದಿರಲಿಲ್ಲ, ಹಾಗಾಗಿ ರಜೆಗೂ ಹೋಗುತ್ತಿರಲಿಲ್ಲ. ರವಿವಾರ ಬಂದರೆ ನನಗೆ ಸುಮ್ಮಸುಮ್ಮನೆ ಸಿಟ್ಟು.

ಹೊಳೆಯ ನೀರು ಇಳಿದಾಗ ಕೇರಿಯ ಹೆಂಗಸರು ಬುಟ್ಟಿ ಹಿಡಿದು ಬಳಚು ತೆಗೆಯಲು ಹೋಗುತ್ತಾರೆ, ಕೆಸರಿನಲ್ಲಿ ಕೈಯಾಡಿಸಿ ಚಿಪ್ಪುಮೀನು ಹೆಕ್ಕುವ ಕೆಲಸ. ಮೊದಲು ಹೊರಟವಳು ಮನೆಮನೆ ಮುಂದೆ ನಿಂತು “ಬತ್ಯೇನೆ?” ಎಂದು ಕೂಗುತ್ತಾ ಹೋಗುವುದು. ಕೂಗು ಈಚೆ ಮನೆಯಲ್ಲಿ ಕೇಳುತ್ತಿತ್ತು, ಆಮೇಲೆ ನನ್ನ ಮನೆ ದಾಟಿ ಆಚೆ ಮನೆಯಲ್ಲಿ ಕೇಳುತ್ತಿತ್ತು. ನಾನು ಚಹಾದ ಲೋಟ ಹಿಡಿದು ಬಾಗಿಲ ಹಿಂದೆ ನಿಂತಿರುತ್ತಿದ್ದೆ. ಕರೆದರೆ ಹೋಗುತ್ತಿದ್ದೆನೇ? ಖಂಡಿತ ಹೋಗುತ್ತಿದ್ದೆ. ಕಲಿತ ಹೆಂಗಸಿಗೆ ಕೆಸರು ಬೇಡ ಎಂದು ಅವರೇ ತೀರ್ಮಾನಿಸಿಬಿಟ್ಟಿದ್ದಾರೆ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಒಮ್ಮೆ ಪಕ್ಕದ ಮನೆಯಾಕೆ ಬಳಚಿನ ಸುಕ್ಕ ಪಲ್ಯ ತಂದುಕೊಟ್ಟರೆ, ಬಾಯಲ್ಲಿ ನೀರೂರುತ್ತಿದ್ದರೂ ಬೇಡ ಅಂದೆ. ಮೂಗಿನ ತುದಿಯ ಸಿಟ್ಟು, ಹೊಟ್ಟೆಗೆ ನಷ್ಟ.

ಆ ವಾರ ತರಗತಿಯಲ್ಲಿ ಇಫ್ ಎಂಬ ಆಜ್ಞೆ ಕಲಿಸುತ್ತಿದ್ದೆ. ಕಂಸದೊಳಗಿನ ಶರತ್ತು ನಿಜವಾದರೆ ಅದರ ಕೆಳಗಿನ ಸಾಲು ನಡೆಯುತ್ತದೆ. ಸುಳ್ಳಾದರೆ ಏನು ಮಾಡಬೇಕೆಂದು ಎಲ್ಸ್ ಹಾಕಿ ಹೇಳದಿದ್ದರೆ ಕಂಪ್ಯೂಟರ್ ಏನೂ ಮಾಡುವುದಿಲ್ಲ, ಸುಮ್ಮನೆ ಮುಂದಕ್ಕೆ ಹೋಗುತ್ತದೆ.

“ಎಂತಕ್ಕೆ ಆಗ್ಲಿಲ್ಲ ಅಂತನೂ ಹೇಳೂದಿಲ್ವಾ ಮೇಡಂ?” ಹಿಂದಿನ ಬೆಂಚಿನ ಹುಡುಗಿ ಕೇಳಿದಳು.

“ಇಲ್ಲ. ಅದಕ್ಕೆ ನಿನ್ನ ಮೇಲೆ ಸಿಟ್ಟೇನೂ ಇಲ್ಲ. ನೀನೇ ಹೋಗಿ ಶರತ್ತು ಏನಿದೆ ಅಂತ ಓದಬೇಕು” ಅಂದೆ. ಅಂದಮೇಲೆ ಬೋರ್ಡಿನ ಕಡೆ ತಿರುಗಿ ನಾನೇ ಬರೆದ ಶರತ್ತನ್ನು ಮತ್ತೊಮ್ಮೆ ಓದಿದೆ.

ಸಂಜೆ ಬಸ್ಸಿಳಿದವಳೇ ಪಕ್ಕದ ಮನೆಯಾಕೆಯನ್ನು ಕೇಳಿದೆ, ನನ್ನನ್ನು ಯಾಕೆ ಕರೆಯುವುದಿಲ್ಲ ಎಂದು. ಆಕೆ ಬೆರಗಾದಳು.

“ನೀವು ಬುಟ್ಟಿ ಹೊರಗೆ ಇಡೂದೇ ಇಲ್ವಲ್ಲ ಅಕ್ಕೋರೇ? ಕವುಚಿ ಇಟ್ರೆ ಬತ್ರಿ ಅಂತ. ಇಡದಿದ್ರೆ ಮೈ ಸಮ ಇಲ್ಲ, ಇಲ್ಲಾಂದ್ರೆ ಬೇರೆ ಕೆಲ್ಸ ಅದೆ ಅಂತ. ಅಂತವ್ರನ್ನ ಕರ್ದು ತೊಂದ್ರೆ ಕೊಡೂದು ಎಂತಕ್ಕೆ?”

ಎಲ್ಲರ ಮೆಟ್ಟಿಲ ಮೇಲೂ ಬುಟ್ಟಿ ಕವುಚಿದ್ದನ್ನು ದಿನಾ ನೋಡಿದ್ದೆ. ಒಣಗಲು ಇಟ್ಟಿದ್ದಾರೆ ಅಂದುಕೊಂಡಿದ್ದೆ. ಯಾರೂ ಬರೆಯದ ಎಲ್ಸ್ ಒಂದನ್ನು ನಾನೇ ಬರೆದುಕೊಂಡು ಅಷ್ಟು ದಿನ ಉರಿದಿದ್ದೆ.

ಮುಂದಿನ ರವಿವಾರ ಹೊಸ ಬುಟ್ಟಿ ಕವುಚಿಟ್ಟೆ. “ಅಕ್ಕೋರೇ, ಬತ್ರಾ?” ಕೂಗು ನನ್ನ ಬಾಗಿಲಲ್ಲೇ ಕೇಳಿತು. ನಾನು ಹೆಕ್ಕಿದ್ದರಲ್ಲಿ ಅರ್ಧ ಖಾಲಿ ಚಿಪ್ಪು. ಅದನ್ನು ಹೇಳಿಕೊಂಡು ಅವರು ದಾರಿಯುದ್ದಕ್ಕೂ ನಕ್ಕರು, ನಾನೂ ನಕ್ಕೆ. ಆ ಊರು ಬಿಟ್ಟ ಮೇಲೆ ಅಷ್ಟು ಸುಖದ ರವಿವಾರಗಳು ನನಗೆ ಮತ್ತೆ ಸಿಗಲಿಲ್ಲ.

ಈಗ ಭಟ್ಕಳಕ್ಕೆ ವರ್ಗವಾಗಿದೆ. ಫ್ಲ್ಯಾಟಿನಲ್ಲಿ ಎದುರುಬದುರು ಬಾಗಿಲು, ಎರಡೂ ಸದಾ ಮುಚ್ಚಿದವು. ಎದುರಿನ ಮನೆಯ ಹೆಂಗಸು ಮಕ್ಕಳೊಡನೆ ಇಲ್ಲಿಯ ನವಾಯತಿ ಭಾಷೆಯಲ್ಲಿ ಮಾತಾಡುವುದು ಗೋಡೆ ದಾಟಿ ಕೇಳುತ್ತದೆ, ಅರ್ಥವಾಗುವುದಿಲ್ಲ. ಬಂದ ಮೊದಲ ರವಿವಾರ ನಾನು ಬುಟ್ಟಿಯನ್ನು ಬಾಗಿಲ ಹೊರಗೆ ಕವುಚಿಟ್ಟೆ. ಇಲ್ಲಿ ಅದನ್ನು ಓದುವವರು ಯಾರೂ ಇಲ್ಲವೆಂದು ಗೊತ್ತಿತ್ತು. ಆದರೂ ತಲೆ ಬಾಚಿಕೊಂಡು ಕುರ್ಚಿಯ ಮೇಲೆ ಕೂತು ಕಿವಿಗೊಟ್ಟೆ.

ಬಹಳ ಹೊತ್ತಿನ ಮೇಲೆ ಹೆಜ್ಜೆ ಸದ್ದು ಬಂದು ನನ್ನ ಬಾಗಿಲಲ್ಲಿ ನಿಂತಿತು. ಬೆಲ್ ಆಯಿತು. ಎದುರಿನ ಮನೆಯಾಕೆ ಬುಟ್ಟಿ ಹಿಡಿದು ನಿಂತಿದ್ದಳು.

“ಇದು ಹೊರಗೇ ಉಳಿದಿತ್ತು ಟೀಚರ್. ಯಾರಾದ್ರೂ ತಗೊಂಡು ಹೋದ್ರೆ?”

ಥ್ಯಾಂಕ್ಸ್ ಹೇಳಿ ತೆಗೆದುಕೊಂಡೆ. ಆಕೆ ಒಂದು ಗಳಿಗೆ ನಿಂತಳು, ನನ್ನ ಹಿಂದಿನ ಖಾಲಿ ಕುರ್ಚಿಗಳನ್ನು ನೋಡಿದಳು, ನಕ್ಕು ತಿರುಗಿದಳು. ಬಾಗಿಲು ಮುಚ್ಚಿದ ಮೇಲೂ ಬುಟ್ಟಿ ನನ್ನ ಕೈಯಲ್ಲೇ ಇತ್ತು. ಒಳಗೆ ಬನ್ನಿ, ಚಹಾ ಕುಡಿಯುವಾ ಅನ್ನಬೇಕಿತ್ತು ಎಂದು ಹೊಳೆಯುವಷ್ಟರಲ್ಲಿ ಎದುರಿನ ಮನೆಯ ಚಿಲಕ ಬಿದ್ದ ಸದ್ದು ಕೇಳಿತು.