ಕಲಸದ ಕಟ್ಟು

ಇಳಕಲ್ಲಿನ ಆ ಓಣಿಯಲ್ಲಿ ಬೆಳಗಾಗುವುದು ಕೋಳಿಯ ಕೂಗಿಗಲ್ಲ. ಊರ ಹೊರಗಿನ ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲು ಕೊಯ್ಯುವ ಗರಗಸ ಮೊದಲು ಹಸಿದ ಕರುವಿನ ಹಾಗೆ ಸಣ್ಣಗೆ ಒರಲುತ್ತದೆ, ಆಮೇಲೆ ಒಂದೇ ದನಿ ಹಿಡಿದು ಸಾಗುತ್ತದೆ. ದುರ್ಗವ್ವ ಆ ಸದ್ದಿಗೆ ಎದ್ದು ಒಲೆ ಹಚ್ಚುತ್ತಿದ್ದಳು. ಅವಳ ಮಗಳು ಅನುರಾಧಾ ಅದೇ ಸದ್ದಿಗೆ ಮಗ್ಗಲು ಬದಲಿಸಿ ಮತ್ತೆ ಕಣ್ಣು ಮುಚ್ಚುತ್ತಿದ್ದಳು. ಇಬ್ಬರಿಗೂ ಆ ಸದ್ದು ಬೇಕಾಗಿತ್ತು.

ಇಪ್ಪತ್ತನಾಲ್ಕು ತುಂಬುವ ಹೊತ್ತಿಗೆ ಅನುರಾಧಾ ತನ್ನ ಬಗ್ಗೆ ಒಂದು ತೀರ್ಮಾನಕ್ಕೆ ಬಂದಿದ್ದಳು: ದೇವರು ತನ್ನನ್ನು ಮಾಡುವಾಗ ಯಾರೋ ಅವನನ್ನು ಮಾತಿಗೆ ಕರೆದಿದ್ದಾರೆ. ಬಿ.ಎ. ಪಾಸಾಗಿದ್ದಳು, ದರ್ಜೆ ಕೇಳಿದವರಿಗೆ ಬಿಸಿಲಿನ ವಿಷಯ ಹೇಳುತ್ತಿದ್ದಳು. ಟೈಪಿಂಗ್ ಕ್ಲಾಸಿಗೆ ಹೋದಳು; ಹದಿನೆಂಟು ದಿನಕ್ಕೆ ಯಂತ್ರದ ರಿಬ್ಬನ್ನು, ಮೇಷ್ಟ್ರ ಸಹನೆ ಎರಡೂ ತುಂಡಾದವು. ಮಠದ ಭಜನೆಯಲ್ಲಿ ಮೊದಲು ಹಾಡಲು ಕರೆದರು, ಮುಂದಿನ ವಾರ ತಾಳ ಕೊಟ್ಟರು, ಅದರ ಮುಂದಿನ ವಾರ ಸುಮ್ಮನೆ ಕೂತರೂ ಪುಣ್ಯ ಬರುತ್ತದೆ ಎಂದರು.

ಒಂದೇ ಒಂದು ಕೆಲಸ ಅವಳಿಗೆ ಒಲಿದಿತ್ತು. ಅಪ್ಪ ಚಂದಪ್ಪ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದ. ಇಳಕಲ್ಲ ಸೀರೆಯ ಮೈಯ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೂಡಿಸುವುದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಸಾವಿರಾರು ಎಳೆಗಳಲ್ಲಿ ಒಂದು ಹಿಂದುಮುಂದಾದರೂ ಸೀರೆಯ ಮೇಲೆ ಗೀರು ಏಳುತ್ತದೆ. ಅನುರಾಧಾಳ ಬೆರಳಿಗೆ ಇಷ್ಟು ವರ್ಷದಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಯಾವುದರ ಮುಂದೆ ಯಾವುದು ಎಂಬುದು ಅವಳ ತಲೆಯಲ್ಲಲ್ಲ, ಕೈಯಲ್ಲಿ ಇರುತ್ತಿತ್ತು. ತಲೆಯಲ್ಲಿ ಬೇರೇನೂ ಇಲ್ಲದ್ದರಿಂದ ಕೈಗೆ ಅನುಕೂಲವಾಗಿದೆ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು.

ಎರಡು ಸಾವಿರದ ಒಂದರ ಮಳೆಗಾಲದಲ್ಲಿ ಈ ಬೆರಳುಗಳಿಗೆ ಎರಡನೆಯ ಕೆಲಸ ಸಿಕ್ಕಿತು. ಬಸ್‌ಸ್ಟ್ಯಾಂಡಿನ ಹತ್ತಿರ ಪಾಟಿ ಪುಸ್ತಕದ ಅಂಗಡಿ ಇಟ್ಟಿದ್ದ ಮುಜಮ್ಮಿಲ, ಸೊಲ್ಲಾಪುರದಿಂದ ಒಂದು ಪೆಟ್ಟಿಗೆ ಕಾರ್ಡು ತಂದ. ಒಂದೊಂದು ಪಾಕೀಟಿನಲ್ಲಿ ಹತ್ತು. ಕ್ರಿಕೆಟ್ಟಿನವರದೋ ಕುಸ್ತಿಯವರದೋ ಇರಬೇಕೆಂದು ಮಕ್ಕಳು ಮುಗಿಬಿದ್ದರು. ಬಿಚ್ಚಿ ನೋಡಿದರೆ ನದಿ, ಕೋಟೆ, ಸಿಪಾಯಿ, ರೆಕ್ಕೆಯ ಹುಲಿ, ಎರಡು ತಲೆಯ ಹಕ್ಕಿ. ಕೆಳಗೆ ಇರುವೆ ಸಾಲಿನಂಥ ಇಂಗ್ಲಿಷು. ಮರುದಿನ ಒಬ್ಬರೂ ಬರಲಿಲ್ಲ. ಆ ಎರಡು ತಲೆಯ ಹಕ್ಕಿಯಿಂದ ಅವಕ್ಕೆ ಗಂಡಭೇರುಂಡ ಕಾರ್ಡು ಎಂಬ ಹೆಸರಷ್ಟೇ ಊರಲ್ಲಿ ಉಳಿಯಿತು.

ಮುಜಮ್ಮಿಲನ ತಂಗಿ ಫರಹಾನಾ ಪಕ್ಕದ ಮನೆಯವಳು, ಅನುರಾಧಾಳ ಬಾಲ್ಯದ ಗೆಳತಿ. ಸೀರೆಗೆ ಗೊಂಡೆ ಕಟ್ಟುವ ಕೆಲಸ ಅವಳದು. ಒಂದು ಮಧ್ಯಾಹ್ನ ಉಡಿಯಲ್ಲಿ ಪಾಕೀಟು ತುಂಬಿಕೊಂಡು ಬಂದಳು.

“ನೀ ಬಿ.ಎ. ಓದೀಯಲ್ಲ, ಇದನ್ನ ಓದಿ ಹೇಳ. ಭಾಯಿ ಹೊರಗ ಒಗೀತೇನಿ ಅನ್ನಾಕತ್ತಾನ.”

ಪೆಟ್ಟಿಗೆಯಲ್ಲಿದ್ದ ನಿಯಮದ ಚೀಟಿ ಅಂಗಡಿಯ ಸೋರುವ ಮೂಲೆಯಲ್ಲಿ ತೊಯ್ದಿತ್ತು. ಆಟ ಹೇಗೆ ಶುರು ಮಾಡಬೇಕು ಎಂಬ ಮೊದಲ ನಾಲ್ಕು ಸಾಲು ನೀಲಿ ಕಲೆಯಾಗಿ ಹೋಗಿದ್ದವು. ಉಳಿದದ್ದನ್ನು ಅನುರಾಧಾ ಪದಕೋಶ ಇಟ್ಟುಕೊಂಡು ನಾಲ್ಕು ದಿನ ಓದಿದಳು. ಇಸ್ಪೀಟಿನ ಹಾಗೆ ಎಲ್ಲರಿಗೂ ಕೂಡಿ ಒಂದು ಕಟ್ಟಲ್ಲ. ಪ್ರತಿಯೊಬ್ಬರೂ ತಮಗೆ ಬೇಕಾದ ನಲವತ್ತು ಎಲೆ ಆರಿಸಿ ತಮ್ಮದೇ ಕಟ್ಟು ಮಾಡಿಕೊಳ್ಳಬೇಕು. ಮೇಲಿನಿಂದ ಏಳು ಎಲೆ ಕೈಗೆ, ಆಮೇಲೆ ಸರದಿಗೊಂದು. ನದಿಯ ಎಲೆ ಇಳಿಸಿದರೆ ಬಲ ಬರುತ್ತದೆ. ಬಲ ಇದ್ದಷ್ಟು ಸಿಪಾಯಿ, ಇನ್ನೂ ಇದ್ದರೆ ಹುಲಿ. ಒಮ್ಮೆಗೆ ಇಬ್ಬರ ಆಟ; ಎದುರಿನವರಿಗೆ ತಡೆಯಲಾಗದ ಎಲೆ ಇಳಿಸಿದವರು ಗೆದ್ದಂತೆ.

ಪಡಸಾಲೆಯಲ್ಲಿ ಕಾರ್ಡು ಹರಡಿದ್ದನ್ನು ನೋಡಿ ದುರ್ಗವ್ವ ಸೌಟು ಹಿಡಿದೇ ಹೊರಗೆ ಬಂದಳು.

“ಇಸ್ಪೀಟೇನ ಇದು?”

“ಅಲ್ಲವ್ವಾ. ಇಸ್ಪೀಟಿನ್ಯಾಗ ಎಲಿ ಕಲಸ್ತಾರ. ಇದರಾಗ ಎಲ್ಲಿ ಕಲಸೋದು? ನೋಡ, ನಾನ ಜೋಡಿಸೇನಿ, ಒಂದರ ಮುಂದ ಒಂದು. ಸೀರಿ ಇದ್ದಂಗ.”

“ಕಲಸೂದು ಕಣ್ಣಿಗೆ ಬಿತ್ತಂದ್ರ ಒಲಿಗೆ ಹಾಕ್ತೇನಿ ನೋಡ.”

ಹೀಗೆ ಆ ಮನೆಯಲ್ಲಿ ಆಟಕ್ಕೆ ಅಪ್ಪಣೆ ಸಿಕ್ಕಿತು. ಕಲಸಬೇಕೆಂದು ಯಾರಿಗೂ ಹೊಳೆಯಲೂ ಇಲ್ಲ. ಜೋಡಿಸಿದ ಹಾಸನ್ನು ಕಲಸುವವರು ಆ ಓಣಿಯಲ್ಲಿ ಎಲ್ಲಿದ್ದಾರೆ?

ಶುಕ್ರವಾರ ಮಧ್ಯಾಹ್ನ ನಮಾಜಿನ ನಂತರ ಮುಜಮ್ಮಿಲನ ಅಂಗಡಿ ನಾಲ್ಕರ ತನಕ ಮುಚ್ಚಿರುತ್ತಿತ್ತು. ಆ ಹೊತ್ತಿಗೆ ಅವನು, ಫರಹಾನಾ, ಮತ್ತು ನಿವೃತ್ತಿಯಾಗಿ ಹೊತ್ತು ಹೋಗದೆ ಓಣಿ ತಿರುಗುತ್ತಿದ್ದ ಸಂಗಯ್ಯ ಮಾಸ್ತರರು ಅನುರಾಧಾಳ ಪಡಸಾಲೆಗೆ ಬರುತ್ತಿದ್ದರು. ನಾಲ್ವರ ಕಟ್ಟನ್ನೂ ಅವಳೇ ಮಾಡಿದಳು. ಮಾಸ್ತರರಿಗೆ ಶಿಸ್ತಿನ ಸಿಪಾಯಿಗಳು ಮತ್ತು ಕೋಟೆ. ತಾಳ್ಮೆಯಿಲ್ಲದ ಮುಜಮ್ಮಿಲನಿಗೆ ಹುಲಿ, ಮತ್ತೆ ಹುಲಿ. ತನಗೆ ಎಲ್ಲದರಲ್ಲೂ ಅಷ್ಟಷ್ಟು, ಜೊತೆಗೆ ಹಕ್ಕಿ ಹೊಡೆಯುವ ಒಬ್ಬ ಬೇಟೆಗಾರ. ಫರಹಾನಾಳಿಗೆ ಹಕ್ಕಿಗಳೆಂದರೆ ಜೀವ. ಅವಳಿಗೆ ಗಿಣಿ, ಗೂಬೆ, ಒಂದು ಬಿಳಿ ಕೊಕ್ಕರೆ.

“ಇದು ಗೆಲ್ಲಾಕ ಮಾಡಿದ ಕಟ್ಟಲ್ಲ,” ಎಂದು ಅನುರಾಧಾ ದೊಡ್ಡ ಮನಸ್ಸಿನಿಂದ ಹೇಳುತ್ತಿದ್ದಳು. “ಸುಮ್ಮ ಖುಷಿಗೆ ಆಡಾಕ.”

ಪ್ರತಿ ಎಲೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ಅಂಕಿ ಬರೆದಿದ್ದಳು. ಆಟ ಮುಗಿದ ಮೇಲೆ ನಾಲ್ವರೂ ಅಂಕಿ ನೋಡಿ ನೋಡಿ ಮತ್ತೆ ಅದೇ ಸಾಲಿಗೆ ಜೋಡಿಸಿ, ದಾರ ಕಟ್ಟಿ ಇಡುತ್ತಿದ್ದರು. ಹೊಸ ಪಾಕೀಟು ಬಿಚ್ಚಿದಾಗ ಅವಳು ಒಂದು ಎಲೆ ತೆಗೆದು ಇನ್ನೊಂದನ್ನು ಸೇರಿಸುವುದನ್ನು ಉಳಿದವರು ದವಾಖಾನೆಯಲ್ಲಿ ಡಾಕ್ಟರರನ್ನು ನೋಡುವಂತೆ ನೋಡುತ್ತಿದ್ದರು.

ಸುಮ್ಮನೆ ಖುಷಿಗೆ ಆಡುವ ಈ ಆಟದಲ್ಲಿ ನಾಲ್ಕು ವರ್ಷ ಅನುರಾಧಾಳೇ ಗೆದ್ದಳು. ಅದರಲ್ಲಿ ಫರಹಾನಾ ಅವಳ ಮೇಲೆ ಗೆದ್ದದ್ದು ಒಂದೇ ಸಲ, ಅನುರಾಧಾಳಿಗೆ ಮಲೇರಿಯಾ ಬಂದಿದ್ದಾಗ.

“ತಲಿ ಅಂದ್ರ ಇದು ನೋಡ್ರಿ,” ಎನ್ನುತ್ತಿದ್ದರು ಮಾಸ್ತರರು. ಮೂವತ್ತೈದು ವರ್ಷ ಮಾಸ್ತರಿಕೆ ಮಾಡಿದವರ ಬಾಯಿಂದ ಆ ಮಾತು ಕೇಳಿದಾಗ ಅನುರಾಧಾಳ ಒಳಗೆ ಏನೋ ಬೆಚ್ಚಗೆ ಹರಡುತ್ತಿತ್ತು. “ಏ, ಏನ್ ಮಹಾ ಬಿಡ್ರಿ,” ಎನ್ನುವಾಗ ಮುಖ ಹೇಗಿರಬೇಕೆಂದು ಅವಳು ಗುರುವಾರವೇ ಕನ್ನಡಿಯ ಮುಂದೆ ನಿಂತು ನೋಡಿಕೊಂಡಿರುತ್ತಿದ್ದಳು.

ಎರಡು ಸಾವಿರದ ಐದರ ಡಿಸೆಂಬರಿನಲ್ಲಿ ಅವಳು ಬಾಗಲಕೋಟೆಗೆ ಹೋದಳು. ಚಿಕ್ಕಪ್ಪನ ಮಗಳು ಸುಶ್ಮಿತಾ ವಿದ್ಯಾಗಿರಿಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಅವಳಿಗೆ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು ಬರುವುದು ಹೇಳಿಕೊಳ್ಳುವ ಕಾರಣ. ಹಾಸ್ಟೆಲಿನಲ್ಲಿ ಗಂಡಭೇರುಂಡ ಕಾರ್ಡು ಆಡುವ ಹುಡುಗಿಯೊಬ್ಬಳಿದ್ದಾಳೆ ಎಂದು ಸುಶ್ಮಿತಾ ಫೋನಿನಲ್ಲಿ ಹೇಳಿದ್ದು ಖರೆ ಕಾರಣ. ಹುನಗುಂದ ದಾಟಿ ಅಮೀನಗಡದ ತನಕ ಅನುರಾಧಾ ತಾನು ಗೆದ್ದ ಮೇಲೆ ಆಡಬೇಕಾದ ವಿನಯದ ಮಾತುಗಳನ್ನು ಜೋಡಿಸಿಕೊಂಡಳು. ಮುಂದಿನ ದಾರಿಯಲ್ಲಿ, ತಾನು ಗೆದ್ದಿದ್ದಕ್ಕೆ ಆ ಹುಡುಗಿ ಅತ್ತರೆ ಹೇಗೆ ಸಮಾಧಾನ ಮಾಡಬೇಕೆಂದು ಯೋಚಿಸಿದಳು.

ಆ ಹುಡುಗಿಗೆ ದಪ್ಪ ಕನ್ನಡಕ, ಕೈಯಲ್ಲಿ ಚುರುಮುರಿ ಪೊಟ್ಟಣ. ಭೇಟಿಯ ಕೋಣೆಯ ಬೆಂಚಿನ ಮೇಲೆ ಎದುರುಬದುರು ಕೂತರು.

“ಕಲಸ್ರಿ ಅಕ್ಕಾ,” ಎಂದಳು ಹುಡುಗಿ.

“ಏನ ಕಲಸೂದು?”

“ಕಟ್ಟು.”

“ಯಾಕ?”

ಹುಡುಗಿ ಚುರುಮುರಿ ಅಗಿಯುವುದನ್ನು ನಿಲ್ಲಿಸಿದಳು. “ಕಲಸಲಾರದ ಹೆಂಗ ಆಡೂದ್ರಿ? ಮೊದಲನೇ ನಿಯಮ ಅದು. ಕೊಡ್ರಿ ಇಲ್ಲಿ.” ಎಣ್ಣೆ ಕೈಯಲ್ಲೇ ಕಟ್ಟನ್ನು ತೆಗೆದುಕೊಂಡು ಎರಡು ಭಾಗ ಮಾಡಿ ಫರ್ರನೆ ಒಂದರೊಳಗೊಂದು ಬೆರೆಸಿದಳು. ಈಗಷ್ಟೇ ಕೊಂಡಿ ಹಾಕಿದ ಎಳೆಗಳಿಗೆ ಯಾರೋ ಕತ್ತರಿ ಇಟ್ಟಂತೆ ಅನುರಾಧಾ ತಡೆಯಲು ಎರಡೂ ಕೈ ಚಾಚಿದಳು.

ಮೊದಲ ಆಟದಲ್ಲಿ ಅವಳ ಕೈಗೆ ಬಂದದ್ದು ಏಳೂ ನದಿ. ಕೃಷ್ಣೆ, ಮಲಪ್ರಭೆ, ಘಟಪ್ರಭೆ ಎಲ್ಲ ಅವಳ ಕೈಯಲ್ಲೇ ಹರಿಯುತ್ತಿದ್ದವು, ಈಜುವುದಕ್ಕೆ ಒಬ್ಬ ಸಿಪಾಯಿ ಇರಲಿಲ್ಲ. ಎರಡನೆಯದರಲ್ಲಿ ಹುಲಿಗಳು ಬಂದವು, ಅವಕ್ಕೆ ಕುಡಿಯಲು ಒಂದು ಹನಿ ನೀರಿಲ್ಲ. ಮೂರನೆಯದು ಎಷ್ಟು ಬೇಗ ಮುಗಿಯಿತೆಂದರೆ ಸುಶ್ಮಿತಾ ಬಕೆಟ್ ತುಂಬಿಟ್ಟು ಬರುವಷ್ಟರಲ್ಲಿ ಹುಡುಗಿ ಎದ್ದು ನಿಂತಿದ್ದಳು.

“ನಿಮ್ಮ ಕಟ್ಟು ನೋಡಾಕ ಭಾಳ ಚಂದ ಐತಿ ಅಕ್ಕಾ. ಆಡಾಕ ಬರಂಗಿಲ್ಲ, ಅಷ್ಟ.” ಆಮೇಲೆ ಅಂಕಿಗಳನ್ನು ನೋಡಿ ಕೇಳಿದಳು: “ನಿಮ್ಮ ಊರಾಗ ಉಳದವರ ಕಟ್ಟೂ ನೀವ ಹಿಂಗ ಜೋಡಿಸಿ ಕೊಡ್ತೀರಿ?”

“ಹೂಂ.”

“ಅಂದ್ರ ಅವರಿಗೆ ಯಾವ ಎಲಿ ಯಾವಾಗ ಬರ್ತದಂತ ನಿಮಗ ಮೊದಲ ಗೊತ್ತಿರ್ತದ?”

“ಛೇ ಛೇ. ಅದೆಲ್ಲಾ ಯಾರ ನೆನಪ ಇಟ್ಟಗೋತಾರ,” ಎಂದಳು ಅನುರಾಧಾ.

ಊರಿಗೆ ಮರಳುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಫರಹಾನಾಳ ಕಟ್ಟು ತಾನಾಗಿಯೇ ಬಿಚ್ಚಿಕೊಂಡಿತು. ಮೂರು ನದಿ, ಗಿಣಿ, ನದಿ, ಗೂಬೆ. ಹನ್ನೆರಡನೆಯದು ಬಿಳಿ ಕೊಕ್ಕರೆ. ಕೊಕ್ಕರೆ ಬರುವ ಸರದಿಗೆ ಸರಿಯಾಗಿ ತಾನು ಬೇಟೆಗಾರನನ್ನು ಇಳಿಸುತ್ತಿದ್ದೆನಲ್ಲ! ನಾಲ್ಕು ವರ್ಷ, ಪ್ರತಿ ಸಲ. ಅದನ್ನು ತನ್ನ ಚುರುಕುತನ ಎಂದುಕೊಂಡಿದ್ದಳು. ಮಾಸ್ತರರು ತಲೆ ಎಂದು ಕರೆದದ್ದು ಇದನ್ನೇ.

ಹೇಳಿಬಿಡಬೇಕು ಎಂದು ಬಸ್ಸಿನಲ್ಲೇ ನಿರ್ಧರಿಸಿದಳು. ಬಸ್ಸಿನಿಂದ ಇಳಿದ ಮೇಲೆ, ಅವಸರ ಏನಿದೆ ಅನ್ನಿಸಿತು. ಅವ್ವ ಒಲೆಗೆ ಹಾಕುತ್ತಾಳಲ್ಲ, ಪಾಪ, ಮುಜಮ್ಮಿಲಣ್ಣನ ಕಾರ್ಡು. ಮಾಸ್ತರರಿಗೆ ವಯಸ್ಸಾಗಿದೆ, ಹೊಸ ನಿಯಮ ತಡೆಯಲಾರರು. ತನ್ನ ಸಲುವಾಗಿ ಎಂಬ ಕಾರಣವೊಂದನ್ನು ಬಿಟ್ಟು ಉಳಿದ ಎಲ್ಲ ಕಾರಣಗಳೂ ಅವಳಿಗೆ ಹೊಳೆದವು. ಕಲಸಿ ಆಡಿದರೆ ತಾನೂ ಎಲ್ಲರಂತೆ ಒಬ್ಬಳು; ಊರಲ್ಲಿ ಅವಳಿಗಿದ್ದ ಒಂದೇ ಹೆಸರು ಹೋಗುತ್ತಿತ್ತು. ಮುಂದಿನ ಶುಕ್ರವಾರ ಏನೂ ಹೇಳಲಿಲ್ಲ. ಕೊಕ್ಕರೆ ಬಂತು. ಬೇಟೆಗಾರನನ್ನು ಇಳಿಸಬಾರದೆಂದು ಕೂತಿದ್ದಳು, ಕೈ ಇಳಿಸಿಬಿಟ್ಟಿತು.

ಅದರ ಮುಂದಿನ ಶುಕ್ರವಾರವೂ ಫರಹಾನಾ ಸೋತಳು. ಯಾವಾಗಲೂ ನಗುತ್ತಿದ್ದವಳು ಅವತ್ತು ನಗಲಿಲ್ಲ. ಅಂಕಿ ನೋಡಿ ಎಲೆ ಜೋಡಿಸಿ, ದಾರ ಕಟ್ಟಿ, ಕಟ್ಟನ್ನು ಅನುರಾಧಾಳ ಮುಂದೆ ಸರಿಸಿದಳು.

“ಇದನ್ನ ಬ್ಯಾರೆ ಯಾರಿಗರ ಕೊಡ ಅನು. ನಾ ಇನ್ನ ಬರಂಗಿಲ್ಲ.”

“ಯಾಕ? ಏನಾತು?”

“ಏನ ಆಗ್ತದ? ನಾಕ ವರ್ಷಾತು. ಒಂದ ಸಲ ಗೆದ್ದೇನಿ, ಅದೂ ನೀ ಜ್ವರದಾಗ ಬಡಬಡಸ್ತಿದ್ದಿ. ಸಾಲ್ಯಾಗೂ ನನ್ನ ದಡ್ಡಿ ಅಂತ ಹಿಂದಿನ ಬೆಂಚಿಗೆ ಕುಂಡ್ರಸ್ತಿದ್ರು. ನನಗ ಆವಾಗ ಸಿಟ್ಟ ಬರ್ತಿತ್ತು. ಈಗ ಖರೆ ಅನಸ್ತದ.”

“ಏ, ಆಟಕ್ಕ ಹಿಂಗ್ಯಾಕ ಅಂತೀ,” ಎಂದ ಮುಜಮ್ಮಿಲ. “ನಾನೂ ಸೋಲ್ತೇನಿ.”

“ನಿನಗ ನಾಚಿಕಿಲ್ಲ ಭಾಯಿ, ನನಗ ಐತಿ.” ಅವಳು ಚಾಪೆಯಿಂದ ಏಳತೊಡಗಿದಳು.

ಅನುರಾಧಾ ಆ ಕಟ್ಟಿನ ದಾರ ಎಳೆದಳು. ಎರಡು ಭಾಗ ಮಾಡಿ ಒಂದರೊಳಗೊಂದು ನುಗ್ಗಿಸಿದಳು. ಜೋಡಿಸಲು ಕಲಿತ ಕೈಗೆ ಕಲಸಲು ಬರಲಿಲ್ಲ. ಗಿಣಿ ಗೂಬೆಗಳೆಲ್ಲ ಪಡಸಾಲೆಯ ತುಂಬ ಹಾರಿದವು. ಬಾಚಿ ತೆಗೆದು ಮತ್ತೆ ಕಲಸಿದಳು. ಆಮೇಲೆ ತನ್ನ ಕಟ್ಟನ್ನೂ.

“ಮಗಳ, ಏನ ಮಾಡಿದಿ ಯವ್ವಾ!” ಸಂಗಯ್ಯ ಮಾಸ್ತರರು ಎದೆಯ ಮೇಲೆ ಕೈ ಇಟ್ಟುಕೊಂಡರು.

ಒಳಗಿನಿಂದ ಸದ್ದು ಕೇಳಿ ದುರ್ಗವ್ವ ಬಂದಳು. “ಕಲಸಾಕತ್ತೀರಿ? ನನ್ನ ಮನ್ಯಾಗ?”

“ಕಲಸಬೇಕಂತವ್ವಾ,” ಎಂದಳು ಅನುರಾಧಾ, ತಲೆ ಎತ್ತದೆ. “ಮೊದಲನೇ ನಿಯಮನ ಅದು. ನಮ್ಮ ಚೀಟ್ಯಾಗ ಅಳಿಸಿತ್ತು. ಬಾಗಲಕೋಟ್ಯಾಗ ಎಲ್ಲಾರೂ ಹಂಗ ಆಡ್ತಾರ. ಇಸ್ಪೀಟ ಅನ್ನೂದಾದ್ರ ಅನ್ನ, ಒಲಿಗೆ ಆಮ್ಯಾಲ ಹಾಕ. ಒಂದ ಆಟ ಆಡ್ತೇವಿ. ಕುಂಡ್ರ ಫರಹಾನಾ.”

ಮಗಳ ಮುಖದಲ್ಲಿ ಏನು ಕಂಡಿತೋ, ದುರ್ಗವ್ವ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವಳೂ ಆಟ ನೋಡಿದಳು.

ಅನುರಾಧಾಳಿಗೆ ಎದುರಿನ ಕೈಯಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ. ಕಣ್ಣು ಕಟ್ಟಿ ಸಂತೆಯಲ್ಲಿ ಬಿಟ್ಟಂತಾಗಿತ್ತು. ಬೇಟೆಗಾರನನ್ನು ಮೊದಲೇ ಇಳಿಸಿ ಖರ್ಚು ಮಾಡಿಕೊಂಡಳು. ಗೂಬೆ ಬಂದಾಗ ಬೆಚ್ಚಿಬಿದ್ದಳು. ಫರಹಾನಾ ಮಾತ್ರ ನಾಲ್ಕು ವರ್ಷ ಸೋತು ಸೋತು ಒಂದು ವಿದ್ಯೆ ಕಲಿತಿದ್ದಳು: ಕೈಗೆ ಬಂದ ಎಲೆಯಲ್ಲಿ ಸಂಸಾರ ಮಾಡುವುದು. ಎರಡೇ ನದಿ ಇಟ್ಟುಕೊಂಡು ಗಿಣಿಗಳನ್ನು ಒಂದೊಂದಾಗಿ ಕಳಿಸಿದಳು. ಕೊಕ್ಕರೆ ಕೊನೆಗೆ ಬಂತು. ಅದನ್ನು ತಡೆಯಲು ಅನುರಾಧಾಳ ಹತ್ತಿರ ಯಾರೂ ಉಳಿದಿರಲಿಲ್ಲ.

“ಗೆದ್ದಳಲ್ಲ,” ಎಂದಳು ದುರ್ಗವ್ವ, ಬಾಗಿಲಿನಿಂದ.

ಫರಹಾನಾ ಕೊಕ್ಕರೆಯನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ನಿಧಾನವಾಗಿ ಅವಳ ಮುಖ ಅರಳಿತು. “ಮುಂದಿನ ಶುಕ್ರವಾರ ಬರ್ತೇನಿ. ಆದರ ನನ್ನ ಕಟ್ಟು ನಾನ ಮಾಡಿಕೋತೇನಿ.”

“ಮಾಡ್ಕೋ,” ಎಂದಳು ಅನುರಾಧಾ. ಸೋತದ್ದು ಅಂದುಕೊಂಡಷ್ಟು ನೋಯಲಿಲ್ಲ. ಸ್ವಲ್ಪ ಕಡಿಮೆ ನೋಯಿತು, ಅಷ್ಟೆ.

ಅಷ್ಟರಲ್ಲಿ ಮಾಸ್ತರರು ಬೆರಳು ಮಡಿಚತೊಡಗಿದರು. “ಅಲ್ಲಾ, ಈಕಿ ಬಾಗಲಕೋಟಿಗೆ ಹೋಗಿ ಬಂದು ಹತ್ತ ದಿನದ ಮ್ಯಾಲ ಆತಲ್ಲ?”

ಫರಹಾನಾ ಕೊಕ್ಕರೆಯಿಂದ ಕಣ್ಣೆತ್ತಿದಳು. “ಅಂದ್ರ ಹ್ವಾದ ಶುಕ್ರವಾರ ನಿನಗ ಗೊತ್ತಿತ್ತು?”

ಅನುರಾಧಾ ಎದ್ದು ಚಪ್ಪಲಿ ಹುಡುಕತೊಡಗಿದಳು.

“ಅನು. ನಿಂದರ. ನನ್ನ ಕಟ್ಟಿನ್ಯಾಗ ಯಾವ ಎಲಿ ಯಾವಾಗ ಬರ್ತಿತ್ತಂತ ನಿನಗ ಬಾಯಿಪಾಠ ಇತ್ತ?”

“ಇತ್ತು,” ಎಂದಳು ಅನುರಾಧಾ, ಒಂದು ಕಾಲಿಗೆ ಅವ್ವನ ಚಪ್ಪಲಿ ಮೆಟ್ಟಿ. “ಇತ್ತು, ಇಲ್ಲ ಅನ್ನಂಗಿಲ್ಲ. ಆದರ ನಾ ಬೇಕಂತ ನೆನಪ ಇಟ್ಟದ್ದಲ್ಲ ಫರಹಾನಾ, ಕೊಂಡಿ ಹಾಕೋ ಕೈ, ಅದಕ್ಕ ಹೇಳಿದ್ರ ಕೇಳಂಗಿಲ್ಲ. ಹೇಳಬೇಕಂತ ಬಸ್ಸಿನ್ಯಾಗ ಖರೆನ ಅನಕೊಂಡಿದ್ದೆ, ಇಳದ ಮ್ಯಾಲ ಏನಾತಂದ್ರ, ನೋಡ, ನಾ ಈಗ ಬರ್ತೇನಿ, ಅಲ್ಲಿ ಅಂಗಡಿಗೆ ಹೋಗಿ ಅವ್ವಗ ಸ್ವಲ್ಪ…”