ಕಾಕಾ ಬೇಡವೆಂದ ಔಷಧಿ

ಹೋದ ವಾರ ಎದುರುಮನೆಯವರು ಅಂಗಳದ ಹುಲ್ಲಿಗೆ ಕಳೆ ಸಾಯಿಸುವ ಔಷಧಿ ಹೊಡೆಸಿದರು. ಕಿಟಕಿ ತೆರೆದಿತ್ತು. ಆ ಕಟು ವಾಸನೆ ಮೂಗಿಗೆ ಬಡಿದದ್ದೇ, ಕಾಫಿ ಲೋಟ ಕೆಳಗಿಟ್ಟೆ. "ಏನ್ರೀ, ತಲೆನೋವಾ?" ಅಂದಳು ಹೆಂಡತಿ. ಅಲ್ಲ, ಕಾಕಾ ನೆನಪಾದರು ಅಂದೆ...

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಟೆಕ್ಸಾಸಿನ ಆಸ್ಟಿನ್ ಹತ್ತಿರದ ಫ್ಲೂಗರ್‌ವಿಲ್‌ನಲ್ಲಿ ನಮ್ಮ ಪಕ್ಕದ ಮನೆಗೆ ಅವರು ಬಂದರು. ಧಾರವಾಡದ ಕಡೆಯವರು, ರೈಲ್ವೆಯಿಂದ ನಿವೃತ್ತರಾಗಿ ಮಗನ ಜೊತೆ ಇರಲು ಬಂದಿದ್ದರು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಅಂಗಡಿಗಳಿಗೆ ದಿನಸಿ ಲಾರಿ ಓಡಿಸುತ್ತಿದ್ದೆ. ಸುತ್ತಲಿನವರೆಲ್ಲ ಕಂಪ್ಯೂಟರಿನವರು, ನನ್ನ ಕೆಲಸ ಏನೆಂದು ಕೇಳಿ, ಮಾತು ಬದಲಿಸುತ್ತಿದ್ದರು. ನಾನೇನೂ ತಲೆ ತಗ್ಗಿಸಲಿಲ್ಲ. ನನ್ನ ದುಡಿಮೆಯ ಮನೆಯಲ್ಲಿ ನಾನಿದ್ದೆ. ಕಾಕಾ ಮಾತ್ರ ಪರಿಚಯವಾದ ದಿನವೇ ಲಾರಿ ಹತ್ತಿ ಕೂತು, "ಒಂದ್ ಸುತ್ತ ಹೊಡಸಪಾ, ನೋಡೂಣು" ಅಂದಿದ್ದರು.

ಅವರಿಗೆ ಗಿಡ ನೆಡುವ ಹುಚ್ಚು. ಕೆಲಸ ಮಾಡಿದ ಸ್ಟೇಷನ್ನುಗಳಲ್ಲೆಲ್ಲ ಬೇವಿನ ಸಾಲು ಬೆಳೆಸಿದ್ದರಂತೆ. ಟೆಕ್ಸಾಸಿನ ಪಶ್ಚಿಮದ ತುದಿಯಲ್ಲಿ, ಎತ್ತರದ ಮರುಭೂಮಿಯಲ್ಲಿ, ಸರ್ಕಾರಿ ಜಮೀನು ಉಳಿಸುವ ಕೆಲಸಕ್ಕೆ ಜನ ಬೇಕಂತೆ ಎಂದು ಇಲ್ಲಿ ಓದುತ್ತಿದ್ದ ನಮ್ಮ ಕಡೆಯ ಹುಡುಗರು ಹೇಳಿದ್ದೇ ತಡ, ಕಾಕಾ ಮನೆಮನೆಗೆ ಹೋಗಿ ಕನ್ನಡದವರನ್ನು ಹೊರಡಿಸಿದರು. ಉಳಿಸುವುದು ಎಂದರೆ ನೆಡುವುದು. ನಮಗೆ ಗೊತ್ತಿದ್ದದ್ದು ಅಷ್ಟೇ. ಲಾರಿ ತುಂಬ ಸಸಿ ಹೇರಿ, ಪುಳಿಯೋಗರೆ ಕಟ್ಟಿಕೊಂಡು, ಇಡೀ ದಿನ ಡ್ರೈವ್ ಮಾಡಿ ಹೋದೆವು.

ಅಲ್ಲೊಂದು ಒರತೆ ಇತ್ತು. ಬೇಲಿಗಾಗಿ ವರ್ಷಗಟ್ಟಲೆ ಜಗಳವಾಡಿದ್ದ ದನ ಸಾಕುವವರೂ ಬೆಟ್ಟ ಹತ್ತಲು ಬರುವ ಪೇಟೆಯವರೂ ಅದು ಬತ್ತುತ್ತಿದೆ ಎಂದು ಒಂದಾಗಿದ್ದರು. ಬೇರೆ ದೇಶದಿಂದ ಬಂದ ಒಂದು ಜಾತಿಯ ಮರ ದಡದ ತುಂಬ ಹಬ್ಬಿ ನೀರನ್ನೆಲ್ಲ ಹೀರುತ್ತಿತ್ತು. ಮುಂದಾಳಾಗಿದ್ದ ದನ ಸಾಕುವ ಮುದುಕ ನಮ್ಮ ಸಸಿಗಳನ್ನು ನೋಡಿ ಟೋಪಿ ತೆಗೆದು ತಲೆ ಕೆರೆದುಕೊಂಡ. ಇಲ್ಲಿ ನೆಡುವ ಕೆಲಸವಲ್ಲ, ಕಡಿಯುವ ಕೆಲಸ ಎಂದ.

"ಹೊರಗಿಂದ ಬಂದಾವಂತ ಕಡೀತಾರಾ? ಹಂಗಾರ ಮೊದಲ ನಮ್ಮನ್ನ ಕಡೀರಿ!" ಅಂದರು ಕಾಕಾ.

"ಸುಮ್ನಿರಿ ಅಂಕಲ್, ನಮ್ ವೀಸಾ ಇನ್ನೂ ಮುಗಿದಿಲ್ಲ," ಎಂದ ಒಬ್ಬ ಹುಡುಗ. ಕಾಕಾಗೂ ನಗು ಬಂತು.

ಬತ್ತುತ್ತಿದ್ದ ಒರತೆಯನ್ನು ಕಣ್ಣಾರೆ ನೋಡಿದ ಮೇಲೆ ಒಪ್ಪಿದರು. ಆದರೆ ಒಂದೊಂದು ಮರವನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡು, ಕ್ಷಮಿಸೆಂದು ಕೇಳಿದ ಮೇಲೆಯೇ ಗರಗಸ ಹಾಕಬೇಕು ಎಂದರು. ದನ ಸಾಕುವವರೂ ಟೋಪಿ ತೆಗೆದು ಕಾದರು. ಸಂಜೆಯ ಹೊತ್ತಿಗೆ ದಡ ತೆರೆದು ಆಕಾಶ ಕಂಡಿತು. ಅಷ್ಟು ಜನ, ಅಷ್ಟು ಭಾಷೆ, ಒಂದೇ ಕೆಲಸ... ಅಂಥ ದಿನವನ್ನು ನಾನು ಮತ್ತೆ ಕಾಣಲಿಲ್ಲ.

ಆಮೇಲೆ ಮುದುಕ ಔಷಧಿಯ ಬಕೆಟ್ ತಂದ. ಕಡಿದ ಬುಡಕ್ಕೆ ಇದನ್ನು ಬಳಿಯದಿದ್ದರೆ ಮತ್ತೆ ಚಿಗುರುತ್ತದೆ ಎಂದ. ಕಾಕಾ ಬಕೆಟ್ಟಿಗೆ ಅಡ್ಡ ನಿಂತರು.

"ಕುಡಿಯೂ ನೀರಿನ ದಂಡಿಗೆ ವಿಷಾ ಹಚ್ಚತೀರೇನ್ರಿ? ಕಡದದ್ದ ಸಾಕು. ಬ್ಯಾಡ."

ಇದು ನೀರಿನ ಬಳಿ ಬಳಸಲೆಂದೇ ಮಾಡಿದ್ದು ಎಂದು ಮುದುಕ ಹೇಳಿದ. ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಸಿದೆ. ಕಾಕಾ ಕೈಮುಗಿದುಕೊಂಡು ನಿಂತೇ ಇದ್ದರು. ದಿನವಿಡೀ ಜೊತೆಗೆ ಬೆವರು ಸುರಿಸಿದ ಹಿರಿಯನ ಮನಸ್ಸು ನೋಯಿಸಲು ಯಾರಿಗೂ ಆಗಲಿಲ್ಲ. ಮುದುಕ ಬಕೆಟ್ಟಿನ ಮುಚ್ಚಳ ಹಾಕಿಬಿಟ್ಟ.

ಎರಡು ವರ್ಷಕ್ಕೆ ಅವನ ಫೋನು ಬಂತು. ಪ್ರತಿ ಬುಡದಲ್ಲೂ ಮೊದಲಿಗಿಂತ ದಟ್ಟವಾಗಿ ಚಿಗುರಿತ್ತು. ಒರತೆ ಪೂರ್ತಿ ಬತ್ತಿತ್ತು. ಕಾಕಾಗೆ ವಿಷಯ ಹೇಳಿದೆ. "ಪುಣ್ಯಾ ಮಾಡಾಕ ಹೋಗಿ ನೀರು ಕೊಂದೆ ನೋಡಪಾ," ಅಂದರು.

ಮತ್ತೆ ಎಲ್ಲರಿಗೂ ಫೋನು ಮಾಡಿದರು. ಕೆಲವರು ಡಲ್ಲಾಸ್ ಪಕ್ಕದ ಫ್ರಿಸ್ಕೋಗೆ ಶಿಫ್ಟ್ ಆಗಿದ್ದರು, ಕೆಲವರಿಗೆ ರಜೆ ಇಲ್ಲ, ಹುಡುಗರು ಕೆಲಸ ಸಿಕ್ಕಿ ಚೆದುರಿಹೋಗಿದ್ದರು. ಹೋದದ್ದು ನಾನು ಮತ್ತು ಕಾಕಾ. ಮುದುಕ ಗರಗಸ ಹಿಡಿದು ಜೊತೆಗೆ ಬಂದ. ನಾನೂ ಮುದುಕನೂ ಕಡಿದೆವು, ಕಾಕಾ ಮಂಡಿಯೂರಿ, ಪುಟ್ಟ ಬ್ರಷ್ಷಿನಲ್ಲಿ, ಒಂದೊಂದು ಬುಡಕ್ಕೂ ತಾವೇ ಔಷಧಿ ಬಳಿದರು. ಬ್ರಷ್ಷನ್ನು ನನಗೆ ಕೊಡಲಿಲ್ಲ. ಒಂದು ಬದಿಯ ದಡವಷ್ಟೇ ಮುಗಿಯಿತು.

ಮುಂದೆ ಅವರ ಮಗನೂ ಫ್ರಿಸ್ಕೋದಲ್ಲಿ ಮನೆ ಮಾಡಿದ. ಡಲ್ಲಾಸಿಗೆ ಲೋಡು ಒಯ್ದಾಗ ನೋಡಲು ಹೋಗುತ್ತಿದ್ದೆ. ಬಾಗಿಲಲ್ಲೇ ಕೇಳುತ್ತಿದ್ದರು: "ನೀರು ಬಂತೇನಪಾ?" ಸಮಾಧಾನಕ್ಕೆಂದು ಸುಳ್ಳು ಹೇಳುವವನು ನಾನಲ್ಲ. "ಇಲ್ಲ ಕಾಕಾ," ಅನ್ನುತ್ತಿದ್ದೆ. ಒಂದು ಸಲ ಅವರು ಏನೂ ಕೇಳಲಿಲ್ಲ. ಚಹಾ ಕುಡಿದು ಎದ್ದು ಬಂದೆ. ಅದೇ ಕೊನೆ...

ನಾನೂ ಈಗ ತೀರಾ ವಯಸ್ಸಾದ ಆ ಮುದುಕನೂ ಇನ್ನೊಂದು ಬದಿಯನ್ನು ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಕಡಿದು, ಔಷಧಿ ಬಳಿಯುತ್ತ ಬಂದಿದ್ದೇವೆ. ಈ ಸಲ ಕಾಕಾ ಬಳಿದ ಬದಿಯ ಕಲ್ಲಿನ ಕೆಳಗೆ ಅಂಗೈಯಗಲ ಮಣ್ಣು ಒದ್ದೆಯಾಗಿತ್ತು. ಒತ್ತಿದರೆ ಬೆರಳಿಗೆ ತಂಪು ಹತ್ತುತ್ತದೆ, ಹರಿಯುವುದಿಲ್ಲ. ಅದನ್ನು ನೀರು ಅನ್ನಬಹುದೋ ಇಲ್ಲವೋ ನನಗೆ ತಿಳಿಯದು. ಅನ್ನಬಹುದು ಎಂದು ಒಂದೇ ಒಂದು ಸಲ ಹೇಳೋಣವೆಂದರೆ, ಕೇಳುವವರು ಇಲ್ಲ.