ಏಳು ಶೂರರ ಕೀಲು ಪರೀಕ್ಷೆ

ನಾನು ಬಿ.ಕಾಂ. ಮುಗಿಸುವುದು ಈ ಜನ್ಮದಲ್ಲಿ ಆಗದ ಮಾತು ಎಂದು ಮೊಟ್ಟಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ಹೇಳಿದ್ದು ಗುಟ್ಟಾಗಿಯೂ ಅಲ್ಲ. ಶಿರಂಗಾಲದ ನಮ್ಮ ಕಣದಲ್ಲಿ ರಾಗಿ ಒಕ್ಕಣೆಗೆ ಸೇರಿದ್ದ ಅಷ್ಟೂ ಜನರ ಎದುರು ಹೇಳಿದರು. ಅವರ ಬಳಿ ಎರಡು ಕಾರಣಗಳಿದ್ದವು. ಒಂದು, ನಮ್ಮ ಮನೆತನದಲ್ಲಿ ಪಿಯುಸಿ ದಾಟಿದವರೇ ಇರಲಿಲ್ಲ. ದಾಟಲು ಹೋದ ನಾನು ಅಕೌಂಟೆನ್ಸಿಯಲ್ಲಿ ಎರಡು ಸಲ ಬಿದ್ದಿದ್ದೆ. ಇನ್ನೊಂದು, ನನ್ನ ಬೊಂಬೆಗಳು.

"ಇಪ್ಪತ್ತು ತುಂಬಿದ ಹೆಣ್ಮಗ, ಪುಸ್ತಕ ಬಿಟ್ಟು ಗಂಡುಬೊಂಬೆಗಳ ಕೈಕಾಲು ತಿರುವ್ತಾ ಕೂತಿರ್ತಾಳೆ. ಇವಳು ಪಾಸಾಗೋದುಂಟಾ?" ಎಂದರು.

ಬೊಂಬೆಗಳು ಏಳಿದ್ದವು. ಒಂದು ಗೇಣುದ್ದದ ಸೂಪರ್‌ಹೀರೋಗಳು. ಕುತ್ತಿಗೆ, ಭುಜ, ಮೊಣಕೈ, ಸೊಂಟ, ಮಂಡಿ, ಪಾದದ ಹರಡು, ಎಲ್ಲ ಕಡೆ ಕೀಲು. ಹಾರುವ ಹಾಗೆ, ಗುದ್ದುವ ಹಾಗೆ, ಹೇಗೆ ಬೇಕಾದರೂ ನಿಲ್ಲಿಸಬಹುದು. ರಜೆಯಲ್ಲಿ ಊರಿನವರ ಸೀರೆಗಳಿಗೆ ಫಾಲ್ಸ್ ಹೊಲಿದು ಒಂದೊಂದಾಗಿ ತರಿಸಿದ್ದೆ. ಕೊರಿಯರ್‌ನವರು ನಮ್ಮೂರಿಗೆ ಬರುತ್ತಿರಲಿಲ್ಲ. ಕುಶಾಲನಗರದಲ್ಲಿ ಬಿಡಿಸಿಕೊಂಡು, ಡಬ್ಬವನ್ನು ವೇಲಿನಲ್ಲಿ ಸುತ್ತಿ ಬಸ್ಸು ಹತ್ತುತ್ತಿದ್ದೆ. ನೆಂಟರು ಬಂದರೆ ಅವ್ವ ಏಳನ್ನೂ ಎತ್ತಿ ರಾಗಿ ಡ್ರಮ್ಮಿನೊಳಗೆ ಹಾಕುತ್ತಿದ್ದಳು. ಒಮ್ಮೆ ನೆಂಟರ ಎದುರೇ ರಾಗಿ ಮೊಗೆಯುವಾಗ, ಮೊರದ ಮೇಲೆ ಒಬ್ಬ ಶೂರ ಮುಷ್ಟಿ ಎತ್ತಿಕೊಂಡೇ ಬಂದ. ಇಲಿ ಹೆದರಲಿ ಅಂತ ಇಟ್ಟಿದ್ದು ಎಂದಳು ಅವ್ವ. ನೆಂಟರು ನಂಬಿದರು. ಆ ಬೊಂಬೆ ಎಲ್ಲಿ ಸಿಗುತ್ತದೆ ಎಂದೂ ಕೇಳಿದರು.

ಕೊನೆಯ ಸೆಮಿಸ್ಟರ್‌ಗೆ ಒಂದು ಪ್ರಾಜೆಕ್ಟ್ ಇತ್ತು. ಯಾವುದಾದರೂ ಒಂದು ವಸ್ತುವನ್ನು ಕೊಳ್ಳುವವರ ಕಣ್ಣಿನಿಂದ ಪರೀಕ್ಷಿಸಿ ವರದಿ ಬರೆಯಬೇಕು; ಆಮೇಲೆ ಹೊರಗಿನಿಂದ ಬರುವ ಪರೀಕ್ಷಕರ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಈ ಸಲವೂ ಬಿದ್ದರೆ ಓದು ನಿಲ್ಲಿಸಿ ಗಂಡು ನೋಡುವುದು ಎಂದು ದೊಡ್ಡಪ್ಪ ಮನೆಯಲ್ಲಿ ತೀರ್ಮಾನ ಹೇಳಿಯಾಗಿತ್ತು. ಅಣ್ಣನ ಮಾತಿಗೆ ಅಪ್ಪ ಯಾವತ್ತೂ ಎದುರಾಡಿದವರಲ್ಲ.

ಕ್ಲಾಸಿನವರು ಮೊಬೈಲು, ಕಾಫಿಪುಡಿ, ಹೋಮ್‌ಸ್ಟೇ ಎಂದು ಹಂಚಿಕೊಂಡರು. ನನಗೆ ಚೆನ್ನಾಗಿ ಗೊತ್ತಿದ್ದ ವಸ್ತು ಒಂದೇ. ಏಳರಲ್ಲಿ ನನ್ನ ಅತಿ ಮುದ್ದಿನ ನೀಲಿ ಮುಖವಾಡದವನ ಬಗ್ಗೆ ಮೂವತ್ತು ಪುಟ ಬರೆದೆ. ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದ ಮೇಡಂ ಮರುದಿನವೇ ವಾಪಸ್ ಕೊಟ್ಟರು. "ಬಹಳ ಚೆನ್ನಾಗಿದೆ" ಎಂದು ಬರೆದಲ್ಲೆಲ್ಲ ಕೆಂಪು ಸುತ್ತು ಹಾಕಿದ್ದರು. ಹಾಳೆಗಳ ಮೇಲೆ ಕುಂಕುಮದ ಬಟ್ಟಲು ಮಗುಚಿದ ಹಾಗಿತ್ತು. ನೀನು ಇದನ್ನು ಇಷ್ಟಪಟ್ಟಿದ್ದೀಯ ಅಂತ ಗೊತ್ತಾಯ್ತು, ಪರೀಕ್ಷೆ ಮಾಡಿದ್ದು ಎಲ್ಲಿ ಎಂದು ಕೇಳಿದರು. ತಿದ್ದಿ ತರಲು ಹತ್ತು ದಿನ ಕೊಟ್ಟರು.

ಆ ಭಾನುವಾರ ನೀಲಿಯವನನ್ನು ಜಗಲಿ ಕಟ್ಟೆಯ ಮೇಲೆ ನಿಲ್ಲಿಸಿ, ನೋಟ್‌ಬುಕ್ ತೆರೆದು, ಪೆನ್ನು ಕಚ್ಚುತ್ತಾ ಕೂತಿದ್ದೆ. ದೊಡ್ಡಪ್ಪ ಬಂದರು. ನಮ್ಮ ಸುತ್ತಿನಲ್ಲಿ ಯಾರು ಎತ್ತು ಕೊಳ್ಳಬೇಕಾದರೂ ಅವರನ್ನೇ ಕರೆದುಕೊಂಡು ಹೋಗುತ್ತಾರೆ. ಗೊರಸು, ಹಲ್ಲು, ಮೈಮೇಲಿನ ಸುಳಿ ನೋಡಿ ಅವರು ಬೇಡ ಎಂದರೆ ವ್ಯಾಪಾರ ಮುಗಿಯಿತು. ನಾಲ್ಕು ಕಾಲಿನದು ಏನು ಕಂಡರೂ ಅವರಿಗೆ ಸುಮ್ಮನೆ ದಾಟಿಹೋಗಲು ಆಗುವುದಿಲ್ಲ. ಅವತ್ತು ಎರಡು ಕಾಲಿನದನ್ನೂ ದಾಟಲು ಆಗಲಿಲ್ಲ. ಬಗ್ಗಿ, ಕಿರುಬೆರಳಿನಿಂದ ನೀಲಿಯವನ ಬೆನ್ನನ್ನು ಮುಟ್ಟಿದರು. ಲೋಕ ಕಾಯುವವನು ಮುಗ್ಗರಿಸಿ ಬಿದ್ದ.

"ಹರಡು ಸಡಿಲ," ಎಂದರು. "ಮೈಭಾರ ಎಲ್ಲಾ ಮುಂದಕ್ಕೆ ಅದೆ. ಇದನ್ನ ತರುವಾಗ ಮೊದ್ಲು ಏನು ನೋಡ್ದೆ?"

"ಮುಖ."

"ಅದಕ್ಕೇಯ. ಮಾರೋರು ಕೊಂಬಿಗೆ ಬಣ್ಣ ಬಳಿಯೋದು ನಿನ್ನಂಥೋರಿಗೇ ಕಣವ್ವ. ಮುಖ ಕಡೀಕೆ ನೋಡ್ಬೇಕು. ಕಾಲಿಂದ ಹತ್ತು."

ಕೂತೇಬಿಟ್ಟರು. ಪಾದದಿಂದ ಹಿಡಿದು ಒಂದೊಂದೇ ಕೀಲನ್ನು ಬಾಗಿಸಿ, ಬಿಟ್ಟು, ಅದು ಬಿಟ್ಟಲ್ಲೇ ನಿಲ್ಲುತ್ತದೋ ಜಾರುತ್ತದೋ ನೋಡಿದರು. ಎಡಮಂಡಿ ಬಲಮಂಡಿಗಿಂತ ಬೇಗ ದಣಿಯುತ್ತದೆ ಎಂದರು. ಸೊಂಟಕ್ಕೆ ಬಂದಾಗ, ನಾನು ಸದಾ ಬೆನ್ನ ಹಿಂದೆ ಮಡಿಸಿಡುತ್ತಿದ್ದ ಅವನ ಬಲಗೈಯನ್ನು ಮುಂದಕ್ಕೆ ಎಳೆದು, ಎಡಗೈಯ ಪಕ್ಕ ಹಿಡಿದು, ಬಹಳ ಹೊತ್ತು ನೋಡಿದರು.

"ಮಗಾ, ಇವನಿಗೆ ಎರಡೂ ಎಡಗೈ ಕಣೆ."

ಕಸಿದುಕೊಂಡು ನೋಡಿದೆ. ಎರಡೂ ಹೆಬ್ಬೆರಳು ಒಂದೇ ಕಡೆಗೆ ಚಾಚಿದ್ದವು. ಕಾರ್ಖಾನೆಯಲ್ಲಿ ಯಾರೋ ಬಲಗೈಯ ಜಾಗಕ್ಕೂ ಎಡಗೈಯನ್ನೇ ಸಿಕ್ಕಿಸಿದ್ದರು. ಎಂಟು ತಿಂಗಳಿಂದ ದಿನಾ ಧೂಳು ಒರೆಸಿದವಳು ನಾನು. ವರದಿಯಲ್ಲಿ ಕೈಗಳಿಗೆ ಹತ್ತಕ್ಕೆ ಹತ್ತು ಕೊಟ್ಟವಳೂ ನಾನೇ. ದೊಡ್ಡಪ್ಪ ನಗಲಿಲ್ಲ. ಕುಂಟೆತ್ತು ತಂದವರ ಮನೆಯಲ್ಲಿ ಕೂರುವ ಹಾಗೆ ಗಂಭೀರವಾಗಿ ಕೂತು, ಉಳಿದವನ್ನೂ ತಾ ಎಂದರು.

ಒಂದು ವಾರ ಸಂಜೆ ಕೊಟ್ಟಿಗೆ ಕೆಲಸ ಮುಗಿದ ಮೇಲೆ ಇದೇ ನಡೆಯಿತು. ಅವರು ಕೀಲು ತಿರುಗಿಸಿ ಹೇಳುವುದು, ನಾನು ಬರೆಯುವುದು. ಹಸಿರು ದೈತ್ಯನಿಗೆ ಮೈ ಇದೆ, ಕೆಲಸಕ್ಕೆ ಬಾರದು. ರೆಕ್ಕೆಯವನ ಭುಜ ಗಟ್ಟಿ, ಆದರೆ ರೆಕ್ಕೆಯ ಭಾರಕ್ಕೆ ಹಿಂದಕ್ಕೆ ಮಲಗುತ್ತಾನೆ. ಕಡ್ಡಿಯಂಥ ಕೆಂಪು ಬಟ್ಟೆಯವನು ಒಂಟಿಕಾಲಿನಲ್ಲಿ ರಾತ್ರಿ ಬೆಳಗಾಗುವ ತನಕ ನಿಂತಿದ್ದ. ದೊಡ್ಡಪ್ಪ ಅವನ ಬೆನ್ನು ತಟ್ಟಿದರು. ನಾನು ಅದನ್ನೆಲ್ಲ ಕೋಷ್ಟಕ ಮಾಡಿದೆ. ಎಷ್ಟು ಸಲ ಬಾಗಿಸಿದ ಮೇಲೆ ಜಾರಿತು, ಎಷ್ಟು ಓರೆಯಾದರೆ ಬಿತ್ತು, ಬಣ್ಣ ಎಲ್ಲಿ ಉಜ್ಜಿಹೋಯಿತು. "ಬಹಳ ಚೆನ್ನಾಗಿದೆ" ಎಂಬುದು ಒಂದು ಕಡೆಯೂ ಬರಲಿಲ್ಲ. ಮೇಡಂ ಓದಿ ಸಹಿ ಹಾಕಿದರು.

ಮೈಸೂರಿನಿಂದ ಬಂದ ಪರೀಕ್ಷಕರು ವರದಿಯನ್ನು ಹಿಂದಿನಿಂದ ತೆರೆದರು. ಆಧಾರಗಳ ಪಟ್ಟಿಯಲ್ಲಿ ನಾನು "ದೊಡ್ಡಪ್ಪ, ಶಿರಂಗಾಲ, ಬಾಯಿಮಾತು" ಎಂದು ಬರೆದಿದ್ದೆ.

"ಇವರು ಯಾವ ವಿಶ್ವವಿದ್ಯಾಲಯದವರು?"

"ಎತ್ತು ನೋಡ್ತಾರೆ ಸರ್."

ಮೇಡಂ ಕಿಟಕಿಯ ಕಡೆ ತಿರುಗಿಕೊಂಡರು. ಪರೀಕ್ಷಕರು ನೀಲಿಯವನನ್ನು ಮೇಜಿನ ಮೇಲೆ ನಿಲ್ಲಿಸಿ, ಒಂದೇ ಬೆರಳಿನಿಂದ ತಳ್ಳಿದರು. ಬಿದ್ದ. ತಮ್ಮ ಮಗಳಿಗೆ ಇದನ್ನು ಕೊಡಿಸಬಹುದಾ ಎಂದು ಕೇಳಿದರು. ಕೊಡಿಸಬೇಡಿ, ಏಳರಲ್ಲಿ ಇವನಿಗೇ ಕಡಿಮೆ ಅಂಕ ಎಂದೆ.

"ಮತ್ತೆ ನೀವು ಯಾಕೆ ಇಟ್ಟುಕೊಂಡಿದ್ದೀರಿ?"

"ಮನೇಲಿ ಹುಟ್ಟಿದ ಕರು ಇದ್ದ ಹಾಗೆ ಸರ್. ಅದಕ್ಕೆ ಸುಳಿ ನೋಡೋಕಾಗುತ್ತಾ?"

ಅವರು ಏನನ್ನೋ ಬರೆದುಕೊಂಡು, ಬಿದ್ದವನನ್ನು ಎತ್ತಿ ನನ್ನ ಕೈಗೆ ಕೊಟ್ಟು, ಹೋಗಿ ಎಂದರು.

ಪಾಸಾದೆ. ಹಳೆಯ ಅಕೌಂಟೆನ್ಸಿಯೂ ಅದೇ ಸಲ ಮುಗಿಯಿತು. ಯಾರೂ ದಾನ ಮಾಡಿದ್ದಲ್ಲ. ಬೆಳಗ್ಗೆ ಹಾಲು ಕರೆದು, ಆರೂವರೆಯ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಓದಿದ ಪದವಿ ಅದು. ಸರ್ಟಿಫಿಕೇಟ್ ಬಂದ ದಿನ ನೇರವಾಗಿ ಹೊಲಕ್ಕೆ ಹೋದೆ. ಅಪ್ಪ, ದೊಡ್ಡಪ್ಪ ಇಬ್ಬರೂ ಶುಂಠಿ ಮಡಿಯ ಬದುವಿನಲ್ಲಿ ಕೂತಿದ್ದರು. ದೊಡ್ಡಪ್ಪನ ಕೈಗೇ ಕೊಟ್ಟೆ. ಅವರು ಪಂಚೆಗೆ ಕೈ ಒರೆಸಿ ತೆಗೆದುಕೊಂಡು, ಅದರಲ್ಲಿ ನನ್ನ ಹೆಸರು ಎಲ್ಲಿದೆ ಎಂದು ಕೇಳಿದರು. ತೋರಿಸಿದೆ. ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು, ಇದರ ಮುಂದಿನ ಓದು ಎಷ್ಟು ವರ್ಷ ಎಂದರು. ಎರಡು ಎಂದೆ.

"ಅರ್ಜಿ ತಂದ್ಬುಡು. ನಿಮ್ಮಪ್ಪನ ಬಾಯಿ ನಾನು ಮುಚ್ಚಿಸ್ತೀನಿ," ಎಂದರು, ಅಲ್ಲಿಯ ತನಕ ಬಾಯಿಯನ್ನೇ ತೆರೆಯದ ಅಪ್ಪನನ್ನು ನೋಡುತ್ತಾ.